ಕರಿಯಮ್ಮನ ಹೆಸರಿನ ಒಲೆ

ಗೋಬರ್ ಗ್ಯಾಸಿನ ಒಲೆಯ ಕಿವಿ ತಿರುಗಿಸಿದ ಮೇಲೆ, ಬೆಂಕಿ ಹತ್ತುವುದಕ್ಕೆ ಮೊದಲು, ಒಂದು ಕ್ಷಣ ವಾಸನೆ ಬರುತ್ತದೆ. ಕೊಳೆತ ಮೊಟ್ಟೆಗೂ ಒದ್ದೆ ಕೊಟ್ಟಿಗೆಗೂ ನಡುವಿನ ವಾಸನೆ. ಕಡ್ಡಿ ಗೀರಿದ ಕೂಡಲೇ ಹೋಗಿಬಿಡುತ್ತದೆ. ದಿನಾ ಉರಿಸುವವರ ಮೂಗಿಗೆ ಅದು ತಿಳಿಯುವುದೂ ಇಲ್ಲ.

ಹೋದ ತಿಂಗಳು ಆದಿವಾಲದ ಒಂದು ಮನೆಗೆ ಒಲೆ ರಿಪೇರಿಗೆ ಹೋಗಿದ್ದೆ. ನಾನೂ ನನ್ನ ಗಂಡನೂ ಹಿರಿಯೂರಿನಲ್ಲಿ ಗ್ಯಾಸ್ ಒಲೆ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೇವೆ. ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಒಲೆ ಕೆಟ್ಟರೆ ಹೆಂಗಸರು ನನ್ನನ್ನೇ ಕರೆಯುತ್ತಾರೆ. ಸಿಲಿಂಡರಿನ ಒಲೆ ಎಂದುಕೊಂಡು ಹೋದರೆ ಹಿತ್ತಿಲಲ್ಲಿ ಗೋಬರ್ ಗ್ಯಾಸಿನ ಗುಮ್ಮಟವಿತ್ತು. ಬರ್ನರಿನ ತೂತುಗಳು ಕಟ್ಟಿದ್ದವು. ಪಿನ್ನು ಹಾಕಿ ಬಿಡಿಸಿದೆ, ಕಿವಿ ತಿರುಗಿಸಿದೆ, ವಾಸನೆ ಬಂತು. ಮನೆಯಾಕೆ ಕಡ್ಡಿಪೆಟ್ಟಿಗೆ ನೀಡುತ್ತ ನಿಂತಿದ್ದರು. ನಾನು ಕೈ ಚಾಚಲೇ ಇಲ್ಲ. ಎಲ್ಲಾದರೂ ಸೋರುತ್ತಿದೆಯೇ ಎಂದು ಅವರು ಎರಡು ಸಲ ಕೇಳಿದರಂತೆ. ಆಮೇಲೆ ತಾವೇ ಮುಂದೆ ಬಂದು ಒಲೆಯ ಕಿವಿ ಮುಚ್ಚಿ, ನನಗೆ ನೀರು ಕೊಟ್ಟರು.

ಹೊಳಲ್ಕೆರೆಯಲ್ಲಿ ಕಳೆದ ನನ್ನ ಮೊದಲ ವರ್ಷವನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ಮರೆತು ಹೇಳದೆ ಉಳಿದದ್ದಲ್ಲ.

ನನ್ನ ತವರು ಚಿತ್ರದುರ್ಗ. ನನ್ನ ಅಬ್ಬ ಕೋಟೆಯ ಕೆಳಗೆ ಮಸೀದಿಯ ಪಕ್ಕದ ಒಂದು ಓಣಿಯಲ್ಲಿ ಪಂಪ್ ಸ್ಟೌ ರಿಪೇರಿ ಮಾಡುತ್ತಿದ್ದರು. ಸೀಮೆಎಣ್ಣೆ ಸಿಗುವುದು ನಿಂತ ಮೇಲೆ ಗ್ಯಾಸ್ ಒಲೆಗೆ ಬಂದರು. ಅವರ ಮೂವರು ಹೆಣ್ಣುಮಕ್ಕಳಲ್ಲಿ ನಾನೊಬ್ಬಳೇ ಡಿಪ್ಲೊಮಾ ಮುಗಿಸಿದೆ. ಮುಗಿಸಿದ ವರ್ಷವೇ ಗುತ್ತಿಗೆಯ ಮೇಲೆ ಒಂದು ಕೆಲಸ ಸಿಕ್ಕಿತು. ಚಾವಣಿಯ ಮೇಲಿನ ಸೋಲಾರ್ ಫಲಕ, ನೀರು ಕಾಯಿಸುವ ಸೋಲಾರ್, ಗೋಬರ್ ಗ್ಯಾಸ್ ಇವಕ್ಕೆಲ್ಲ ಸರ್ಕಾರ ಸಹಾಯಧನ ಕೊಡುತ್ತದಲ್ಲ, ಹಾಗೆ ಕೊಡುವ ಮೊದಲು ಆ ವಸ್ತು ನಿಜವಾಗಿ ಆ ಮನೆಯಲ್ಲಿ ಇದೆಯೇ ಎಂದು ಹೋಗಿ ನೋಡಿ, ಫೋಟೊ ತೆಗೆದು, ಕಂಪ್ಯೂಟರಿಗೆ ಏರಿಸುವುದು. ಹೊಳಲ್ಕೆರೆ, ಹೊಸದುರ್ಗ ಎರಡು ತಾಲ್ಲೂಕು ನನ್ನ ಪಾಲಿಗೆ ಬಂದವು.

ಗೊಬ್ಬರದಂಗಡಿಯ ಮಹಡಿಯ ಮೇಲೆ ಒಂದೇ ಕೋಣೆಯ ಕಚೇರಿ. ಸೂಪರ್‌ವೈಸರ್ ನಾಗರಾಜಪ್ಪ ನಿವೃತ್ತಿಗೆ ಹತ್ತಿರವಾಗಿದ್ದವರು. ಕೆಟ್ಟವರೆಂದು ಹೇಳಲಾರೆ. ನಾನು ಮಳೆಯಲ್ಲಿ ನೆನೆದು ಬಂದ ಒಂದು ದಿನ ತಮ್ಮ ಕೊಡೆಯನ್ನೇ ಕೊಟ್ಟು, ಇಟ್ಟುಕೋ ಎಂದರು. ಕೆಲಸ ಕಲಿಸಿದವರೂ ಅವರೇ. ಅರ್ಜಿದಾರ ಮೊದಲು ತನ್ನ ದುಡ್ಡಿನಲ್ಲಿ ಕಟ್ಟಿಸಬೇಕು, ಒಲೆ ಹತ್ತಬೇಕು, ಹತ್ತಿದ ಒಲೆಯ ಪಕ್ಕದಲ್ಲಿ ಅವನನ್ನು ನಿಲ್ಲಿಸಿ ಫೋಟೊ ತೆಗೆಯಬೇಕು, ಅದಾದ ಮೇಲೆಯೇ ಸರ್ಕಾರದ ದುಡ್ಡು ಅವನ ಖಾತೆಗೆ ಬೀಳುವುದು. ಇಷ್ಟನ್ನು ಹೇಳಿ, "ಬೆಂಕಿ ಕಾಣ್ಬೇಕು, ಮುಖ ಕಾಣ್ಬೇಕು. ಬಾಕಿದ್ದೆಲ್ಲ ಕಂಪ್ಯೂಟರ್ ನೋಡ್ಕಳ್ತೈತೆ" ಎಂದಿದ್ದರು.

ನನಗೆ ಆ ಕೆಲಸ ಬಹಳ ಹಿಡಿಸಿತ್ತು. ಅಬ್ಬ ಕೊಡಿಸಿದ ಹಳೆಯ ಸ್ಕೂಟರಿನಲ್ಲಿ ರಾಮಗಿರಿಯ ಗುಡ್ಡ ಸುತ್ತಿ ಹೋಗುವುದು, ಹೊಸದುರ್ಗದ ತಾರಸಿಗಳ ಮೇಲೆ ಹತ್ತಿ ಟ್ಯಾಂಕು ಮುಟ್ಟಿ ನೋಡುವುದು, ಮನೆಯವರು ಸಾಹೇಬರಿಗೆ ಕೊಟ್ಟಂತೆ ಕುರ್ಚಿ ಕೊಡುವುದು ಎಲ್ಲವೂ ಹೊಸದು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಸಹಿ ಹಾಕಿ ಇನ್ನೊಬ್ಬರ ಕೆಲಸ ಮಾಡಿಕೊಟ್ಟವರಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಮೆಕ್ಕೆಜೋಳ ಭುಜಕ್ಕೆ ಬಂದಿದ್ದ ದಿನಗಳಲ್ಲಿ ಬಿ.ದುರ್ಗದ ಆಚೆಗಿನ ಒಂದು ಊರಿಗೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ, ಆ ಜನ ಈಗಲೂ ಅಲ್ಲೇ ಇದ್ದಾರೆ. ಪರಿಶಿಷ್ಟರ ಗುರಿ ಎಂದು ನಮ್ಮ ಪಟ್ಟಿಯಲ್ಲಿ ಒಂದು ಕಾಲಂ ಇತ್ತು. ಅದರಲ್ಲಿ ಒಂದು ಹೆಸರೂ ಸೇರಿರಲಿಲ್ಲ. ಹಾಗಾಗಿ ಊರೊಳಗೆ ಹೋಗದೆ, ಎರಡು ಹೊಲ ಇತ್ತಲಾಗಿರುವ ಕಾಲೊನಿಯಲ್ಲೇ ಸ್ಕೂಟರ್ ನಿಲ್ಲಿಸಿದೆ. ಅಲ್ಲಿ ಎರಡು ಹಸು ಕಟ್ಟಿಕೊಂಡಿದ್ದವಳು ಕರಿಯಮ್ಮ.

ನಲವತ್ತೈದರ ಆಸುಪಾಸಿನ ಹೆಂಗಸು. ಗಂಡ ತಿಮ್ಮಣ್ಣ ದನ ಮೇಯಿಸುತ್ತಿದ್ದ, ಮಾತು ಕಡಿಮೆ. ಬೆಳಗ್ಗೆ ಇವಳು ಊರೊಳಗಿನ ಒಬ್ಬ ಸಾಹುಕಾರರ ಕೊಟ್ಟಿಗೆ ಬಾಚುತ್ತಿದ್ದಳು, ಆಮೇಲೆ ಕೂಲಿಗೆ ಹೋಗುತ್ತಿದ್ದಳು. ನಾನು ಹೋದಾಗ ಬೆರಣಿ ಹಸಿಯಾಗಿದ್ದರಿಂದ ಒಲೆ ಹತ್ತದೆ, ಊದುಗೊಳವೆ ಹಿಡಿದು ಊದುತ್ತಿದ್ದಳು. ಮನೆಯೊಳಗೆ ನಿಂತರೆ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹೊಗೆ. ಅವಳ ಕಣ್ಣುಗಳ ಅಂಚು ಹುಣ್ಣಿನಂತೆ ಕೆಂಪಾಗಿತ್ತು.

ಸಗಣಿಯಿಂದಲೇ ಗ್ಯಾಸು ಬರುತ್ತದೆ, ಹೊಗೆ ಇರುವುದಿಲ್ಲ, ಪಾತ್ರೆಗೆ ಮಸಿ ಹತ್ತುವುದಿಲ್ಲ, ಬೆಂಕಿ ನೀಲಿಯಾಗಿರುತ್ತದೆ ಎಂದು ನಾನು ಹೇಳಿದೆ. ಅವಳು ನಂಬದೆ ನಕ್ಕಳು. "ಬೆಂಕಿ ನೀಲಿ ಇರ್ತೈತಾ?" ಎಂದು ಗಂಡನ ಕಡೆ ತಿರುಗಿ ಕೇಳಿದಳು, ನಾನು ಹೇಳಿದ್ದು ಅವನಿಗೇನೋ ಗೊತ್ತಿರಬೇಕು ಎಂಬಂತೆ. ನಾನೇ ಅರ್ಜಿ ತುಂಬಿದೆ. ಮನೆಯ ಹಿಂದೆ ಟೇಪು ಹಿಡಿದು ಅಳೆದು, ಗುಂಡಿ ಬರುವ ಜಾಗಕ್ಕೆ ನಾಲ್ಕು ಕಲ್ಲಿಟ್ಟೆ. ಹುರಿದ ಶೇಂಗಾ ಕೊಟ್ಟಳು, ಇಬ್ಬರೂ ಜಗಲಿಯ ಮೇಲೆ ಕುಂತು ತಿಂದೆವು. ಆಮೇಲೆ ಆ ಕಡೆ ಹೋದಾಗಲೆಲ್ಲ ಅವಳ ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವುದು ರೂಢಿಯಾಯಿತು.

ಮೊದಲು ಸ್ವಂತ ದುಡ್ಡಿನಲ್ಲಿ ಕಟ್ಟಿಸಬೇಕು ಎಂಬ ಮಾತನ್ನು ನಾನು ಮೊದಲ ದಿನವೇ ಹೇಳಿದ್ದೆ. ಅಷ್ಟು ದುಡ್ಡು ಆ ಕಾಲೊನಿಯಲ್ಲಿ ಯಾರ ಮನೆಯಲ್ಲಿಯೂ ಒಟ್ಟಿಗೆ ಇದ್ದಿರಲಾರದು. ಹಬ್ಬ ಕಳೆದ ಮೇಲೆ ಕರಿಯಮ್ಮ ತನ್ನ ಸಾಹುಕಾರರನ್ನು ಸಾಲ ಕೇಳಿದಳು. ಶಿವಮೂರ್ತೆಪ್ಪ ಎಂದು ಅವರ ಹೆಸರು, ಮೆಕ್ಕೆಜೋಳದ ವ್ಯಾಪಾರ, ಹಿಂದೆ ದೊಡ್ಡ ಹಿತ್ತಿಲು. ಅವರಿಗೂ ಗೋಬರ್ ಗ್ಯಾಸ್ ಬೇಕಾಗಿತ್ತು. ಆದರೆ ಅವರ ತಂದೆಯ ಕಾಲದಲ್ಲೇ ಆ ಮನೆಗೆ ಒಮ್ಮೆ ಸಹಾಯಧನ ಬಂದು, ಗುಮ್ಮಟ ಬಿರುಕು ಬಿಟ್ಟು ಬಿದ್ದುಹೋಗಿತ್ತು. ಒಂದು ಮನೆಗೆ ಎರಡು ಸಲ ಕೊಡುವುದಿಲ್ಲ. ಅವರು ಕರಿಯಮ್ಮನಿಗೆ ದುಡ್ಡು ಕೊಡಲು ಧಾರಾಳವಾಗಿ ಒಪ್ಪಿಕೊಂಡರು.

ಡಿಸೆಂಬರಿನಲ್ಲಿ ನಾನು ಹೋದಾಗ ನಾನಿಟ್ಟ ಕಲ್ಲುಗಳ ನಡುವೆ ಹುಲ್ಲು ಬೆಳೆದಿತ್ತು. ಗುಂಡಿ ಸಾಹುಕಾರರ ಹಿತ್ತಿಲಲ್ಲಿದೆ ಎಂದು ದಾರಿಯಲ್ಲಿ ಸಿಕ್ಕ, ಗುಮ್ಮಟ ಕಟ್ಟುತ್ತಿದ್ದ ಗಾರೆಯವನು ಹೇಳಿದ. ಹೋಗಿ ನೋಡಿದರೆ ಗುಮ್ಮಟ ಅರ್ಧ ಮೇಲೆದ್ದಿತ್ತು.

ಕಚೇರಿಗೆ ಬಂದು ನಾಗರಾಜಪ್ಪನವರಿಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಆ ಖಾಲಿ ಕಾಲಂ ತೋರಿಸಿದರು.

"ಗುಂಡಿ ಯಾರ ಹಿತ್ಲಾಗಿದ್ರೇನಮ್ಮ, ಹೆಸರು ಅವಳ್ದೇ ಐತೆ. ಮಾರ್ಚ್ ಒಳಗೆ ಈ ಕಾಲಂ ತುಂಬ್ಲಿಲ್ಲ ಅಂದ್ರೆ ಮುಂದಿನ್ ವರ್ಷ ಆಫೀಸೂ ಇರಲ್ಲ, ನೀನೂ ಇರಲ್ಲ."

ನಾನು ಸುಮ್ಮನಾದೆ. ಸುಮ್ಮನಾದದ್ದಕ್ಕೆ ನನಗೆ ನಾನೇ ಹಲವು ಕಾರಣ ಕೊಟ್ಟುಕೊಂಡೆ. ಅವೆಲ್ಲ ಈಗ ನೆನಪಿಲ್ಲ.

ಅದಾದ ವಾರದಲ್ಲಿ ಕರಿಯಮ್ಮ ರಸ್ತೆಯಲ್ಲಿ ಸ್ಕೂಟರಿಗೆ ಅಡ್ಡ ಬಂದು ನಿಲ್ಲಿಸಿದಳು. ತಲೆಯ ಮೇಲೆ ಸೌದೆ ಹೊರೆ ಇತ್ತು, ಅದನ್ನು ಇಳಿಸಲೂ ಇಲ್ಲ. ತನ್ನ ಮನೆಯ ಹಿಂದೆ ಕಲ್ಲಿರುವುದರಿಂದ ಅಲ್ಲಿ ಗುಂಡಿ ತೋಡಲು ಆಗುವುದಿಲ್ಲ, ಇಲ್ಲಿ ಕಟ್ಟಿಸಿ ನಿನ್ನ ಮನೆಗೆ ಪೈಪು ಎಳೆಸುತ್ತೇನೆ ಎಂದು ಸಾಹುಕಾರರು ಹೇಳಿದ್ದರಂತೆ.

"ಪೈಪ್‌ನಾಗೆ ಗ್ಯಾಸು ಅಷ್ಟು ದೂರ ಬರ್ತೈತೇನ್ರಿ ಮೇಡಂ? ನೀವು ಓದ್ದೋರು. ನೀವು ಹೂಂ ಅಂದ್ರೆ ನಾನು ನಂಬ್ತೀನಿ."

ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಗ್ಯಾಸಿಗೆ ಒತ್ತಡವೇ ಇರುವುದಿಲ್ಲ. ಅಡುಗೆಮನೆಯ ಗೋಡೆ ದಾಟಿಸಿ ಹತ್ತಿಪ್ಪತ್ತು ಹೆಜ್ಜೆ ಒಯ್ಯುವುದೇ ಕಷ್ಟ, ನಡುವೆ ಪೈಪು ತಗ್ಗಿದರೆ ನೀರು ಕಟ್ಟಿಕೊಳ್ಳುತ್ತದೆ. ಎರಡು ಹೊಲ ದಾಟಿಸುವುದು ಆಗದ ಮಾತು. ಆ ದಿನ ಇಲ್ಲ ಎಂದಿದ್ದರೆ ಅವಳು ಅರ್ಜಿ ವಾಪಸು ಪಡೆಯುತ್ತಿದ್ದಳು. ಅವಳ ಬೆರಳೊತ್ತು ಇನ್ನೂ ಕೊನೆಯ ಕಾಗದಕ್ಕೆ ಬಿದ್ದಿರಲಿಲ್ಲ.

ಬರುತ್ತದೆ ಎಂದೆ.

ಹೊರೆ ಹೊತ್ತುಕೊಂಡೇ ಅವಳು ತಲೆ ಬಾಗಿಸಲು ನೋಡಿ, ಆಗದೆ, ನಕ್ಕು ದಾರಿ ಬಿಟ್ಟಳು.

ಮಾರ್ಚಿನ ಕೊನೆಯ ವಾರ ಫೋಟೊ ತೆಗೆಯಲು ಹೋದೆವು. ನಾಗರಾಜಪ್ಪನವರೂ ಬಂದಿದ್ದರು. ಬಿಸಿಲಿಗೆ ರಸ್ತೆಯ ಡಾಂಬರು ಅಂಟುತ್ತಿತ್ತು. ಕರಿಯಮ್ಮನನ್ನು ಹಿತ್ತಿಲ ಬಾಗಿಲಿಂದ ಕರೆತಂದರು. ಶಿವಮೂರ್ತೆಪ್ಪನವರ ಹೆಂಡತಿ ಗಿರಿಜಮ್ಮ ಅವಳಿಗೆ ತಮ್ಮ ಹಳೆಯ ಸೀರೆಯೊಂದನ್ನು ಕೊಟ್ಟಿದ್ದರು. ಇಪ್ಪತ್ತು ವರ್ಷ ಆ ಮನೆಯ ಕೊಟ್ಟಿಗೆ ಬಾಚಿದ್ದ ಕರಿಯಮ್ಮ ಆ ಅಡುಗೆಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ದಾಟುವಾಗ ಕಾಲಿನ ಅಡಿಯನ್ನು ಸೀರೆಯ ನೆರಿಗೆಗೆ ಒರೆಸಿಕೊಂಡಳು.

ಒಲೆ ಹಚ್ಚಿದರು. ಹಗಲು ಬೆಳಕಿನಲ್ಲಿ ನೀಲಿ ಜ್ವಾಲೆ ಫೋಟೊದಲ್ಲಿ ಬೀಳಲಿಲ್ಲ. ಕಿಟಕಿ ಮುಚ್ಚಿಸಿದೆ, ಬಾಗಿಲಿಗೆ ಚಾದರ ಕಟ್ಟಿಸಿದೆ. ಇನ್ನೂ ಹತ್ತಿರ ಹೋಗು, ಒಲೆಯ ಕಡೆ ಕೈ ತೋರಿಸು ಎಂದು ಕರಿಯಮ್ಮನಿಗೆ ಹೇಳುತ್ತಿದ್ದವಳು ನಾನೇ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಅವಳ ಗಮನವೆಲ್ಲ ಬೆಂಕಿಯ ಮೇಲಿತ್ತು. ಹೊಗೆ ಎಲ್ಲಿಂದಲಾದರೂ ಬರುತ್ತದೆಯೇ ಎಂದು ಬಗ್ಗಿ ಒಲೆಯ ಅಡಿಯನ್ನೂ ನೋಡಿದಳು. ಗ್ಯಾಸು ಸುಮ್ಮನೆ ಉರಿದು ಹೋಗುತ್ತಿದೆ ಎನ್ನಿಸಿರಬೇಕು, ಪಕ್ಕದಲ್ಲಿದ್ದ ನೀರಿನ ಪಾತ್ರೆಯನ್ನು ಎತ್ತಿ ಒಲೆಯ ಮೇಲಿಡಲು ಕೈ ಚಾಚಿದಳು.

"ಅದನ್ನ ಮುಟ್ಬ್ಯಾಡ" ಎಂದರು ಗಿರಿಜಮ್ಮ. ದನಿ ಏರಿಸಿರಲಿಲ್ಲ. ಕರಿಯಮ್ಮ ಚಾಚಿದ ಕೈಯನ್ನು ಹಾಗೇ ತಡೆದಳು. ಆ ಕ್ಷಣದಲ್ಲಿ ನಾನು ಒತ್ತಿದೆ. ಬೆಂಕಿ ಕಂಡಿತು, ಮುಖ ಕಂಡಿತು. ತನ್ನ ಒಲೆಯನ್ನು ಹೆಮ್ಮೆಯಿಂದ ತೋರಿಸುತ್ತಿರುವ ಹೆಂಗಸಿನಂತೆ ಆ ಫೋಟೊ ಬಂತು.

ನನಗೂ ನಾಗರಾಜಪ್ಪನವರಿಗೂ ನಡುಮನೆಯಲ್ಲಿ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಕುಡಿದು ಹೊರಟು, ಊರ ಬಾಗಿಲಿನವರೆಗೆ ಬಂದ ಮೇಲೆ ಅಳತೆಯ ಟೇಪು ಮರೆತದ್ದು ನೆನಪಾಯಿತು. ನಾನೊಬ್ಬಳೇ ತಿರುಗಿ ಹೋದೆ. ಹಿತ್ತಿಲ ಬಾಗಿಲು ತೆರೆದಿತ್ತು. ಗಿರಿಜಮ್ಮ ಸೀರೆ ಎತ್ತಿ ಕಟ್ಟಿಕೊಂಡು, ಗಂಜಲ ಬೆರೆಸಿದ ನೀರು ಹುಯ್ದು ಅಡುಗೆಮನೆ ತೊಳೆಯುತ್ತಿದ್ದರು. ಅದು ಕರಿಯಮ್ಮನಿಗಾಗಿ ಎಂದುಕೊಂಡೆ. ಆಗ ಅವರು ನಡುಮನೆಯಲ್ಲಿ ನಾನು ಕುಂತಿದ್ದ ಕಡೆಗೂ ನೀರು ಎರಚಿದರು. ನಾಗರಾಜಪ್ಪನವರ ಲೋಟ ಒಳಗೆ ಹೋಗಿತ್ತು. ನನ್ನದು ಹೊರಗೆ ಕಟ್ಟೆಯ ಮೇಲೆ, ಕರಿಯಮ್ಮ ಚಹಾ ಕುಡಿದ ಪ್ಲಾಸ್ಟಿಕ್ ಕಪ್ಪಿನ ಪಕ್ಕದಲ್ಲಿತ್ತು.

ಕರಿಯಮ್ಮ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದಳು, ತನ್ನ ಸೀರೆ ಉಟ್ಟುಕೊಂಡು, ಕೊಟ್ಟ ಸೀರೆಯನ್ನು ಮಡಿಸಿ ಪಕ್ಕದಲ್ಲಿಟ್ಟಿದ್ದಳು. ಅವಳೂ ಲೋಟ ನೋಡಿದಳು, ನನ್ನನ್ನೂ ನೋಡಿದಳು. ಆ ಕ್ಷಣ ನಾನು ಅವಳ ಪಕ್ಕದಲ್ಲಿ ಹೋಗಿ ನಿಲ್ಲಬಹುದಿತ್ತು. ನನಗೆ ಬಂದದ್ದು ಸಿಟ್ಟು, ಅದೂ ಅವಳ ಮೇಲೆ. ಅವಳೊಬ್ಬಳು ಅಲ್ಲಿ ನಿಂತು ಅದನ್ನು ನೋಡಿದಳಲ್ಲ ಎಂದು. ಟೇಪು ಕೇಳದೆಯೇ ಬಂದುಬಿಟ್ಟೆ.

ಏಪ್ರಿಲ್‌ನಲ್ಲಿ ಸಹಾಯಧನ ಅವಳ ಖಾತೆಗೆ ಬಂತು. ಶಿವಮೂರ್ತೆಪ್ಪ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಕರೆದೊಯ್ದು, ಬೆರಳೊತ್ತಿಸಿ, ಪೂರ್ತಿ ಬಿಡಿಸಿಕೊಂಡು, ವಾಪಸು ಬಸ್ಸಿನಲ್ಲಿ ಕಳಿಸಿದರು. ಪೈಪಿನ ಮಾತು ಎತ್ತಿದಾಗಲೆಲ್ಲ ಮಳೆ ಬರಲಿ, ನೆಲ ಮೆತ್ತಗಾಗಲಿ ಎನ್ನುತ್ತಿದ್ದರಂತೆ.

ಬೇಸಿಗೆಯಲ್ಲಿ ಅವರು ತಮ್ಮ ದನಗಳಲ್ಲಿ ಮುಕ್ಕಾಲು ಪಾಲನ್ನು ಮಾರಿಬಿಟ್ಟರು. ಗುಮ್ಮಟಕ್ಕೆ ಸಗಣಿ ಸಾಲದೆ ಒಲೆ ಸೊರಗಿತು. ಕರಿಯಮ್ಮನನ್ನು ಕರೆದು, ಕಾಗದದಲ್ಲಿ ಇರುವುದು ನಿನ್ನ ಹಸುಗಳೇ, ಅವುಗಳ ಸಗಣಿ ತಂದು ಹಾಕು ಎಂದರು. ಒಲೆ ನಿಂತುಹೋದರೆ ಸರ್ಕಾರದವರು ಬಂದು ಹಿಡಿಯುವುದು ಯಾರ ಹೆಸರು ಇದೆಯೋ ಅವರನ್ನೇ ಎಂದೂ ಹೇಳಿದರು. ಅವಳು ಹೆದರಿದಳು. ದಿನಾ ಬೆಳಗ್ಗೆ ತನ್ನ ಎರಡು ಹಸುಗಳ ಸಗಣಿಯನ್ನು ಬುಟ್ಟಿಯಲ್ಲಿ ಹೊತ್ತು ಎರಡು ಹೊಲ ದಾಟಿಸಿ, ನೀರು ಬೆರೆಸಿ ಕಲಸಿ, ಆ ಗುಮ್ಮಟಕ್ಕೆ ಹುಯ್ಯುವುದು ಅವಳ ಕೆಲಸವಾಯಿತು. ಮೊದಲು ಅದೇ ಸಗಣಿಯಿಂದ ಬೆರಣಿ ತಟ್ಟಿ ತನ್ನ ಒಲೆ ಹಚ್ಚುತ್ತಿದ್ದಳು. ಈಗ ಅದೂ ಇಲ್ಲ. ಸೌದೆಗೆ ಗುಡ್ಡದ ತನಕ ಹೋಗಬೇಕಾಯಿತು.

ಇದನ್ನೆಲ್ಲ ಅವಳು ನಮ್ಮ ಕಚೇರಿಗೆ ಬಂದು ಹೇಳಿದಳು. ಒಂದು ಸಲವಲ್ಲ, ಮೂರು ಸಲ ಬಂದಳು. ಮೂರನೆಯ ಸಲ ನಾನು ಒಳಗಿದ್ದೂ ಇಲ್ಲವೆಂದು ಹೇಳಿಸಿದೆ. ಅವಳು ಕೆಳಗೆ ಗೊಬ್ಬರದಂಗಡಿಯ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕುಂತು ಎದ್ದು ಹೋದಳು.

ಕೊನೆಗೆ ಊರಿನ ಶಾಲೆಯ ಮೇಷ್ಟ್ರೊಬ್ಬರು ಅವಳಿಗೆ ದೂರು ಬರೆದುಕೊಟ್ಟರು. ಜೂನ್‌ನಲ್ಲಿ ವಿಚಾರಣೆಗೆ ಚಿತ್ರದುರ್ಗದಿಂದ ಒಬ್ಬ ಅಧಿಕಾರಿ ಬಂದರು. ಊರಿಗೆ ಹೋಗಿ ಹಿತ್ತಿಲು ನೋಡಿದ್ದರೆ ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತಿತ್ತು. ಮೋಡ ಕಟ್ಟಿತ್ತು, ಸಂಜೆಯೊಳಗೆ ಅವರು ವಾಪಸಾಗಬೇಕಿತ್ತು, ಹಾಗಾಗಿ ನಮ್ಮ ಕೋಣೆಯಲ್ಲೇ ಕರೆಸಿದರು. ಶಿವಮೂರ್ತೆಪ್ಪನವರಿಗೆ ಕುರ್ಚಿ ಹಾಕಿದ್ದರು. ಕರಿಯಮ್ಮ ಬಾಗಿಲ ಹತ್ತಿರ ನಿಂತಿದ್ದಳು. ನನ್ನ ಗುತ್ತಿಗೆ ಆ ತಿಂಗಳಿಗೆ ಮುಗಿಯುತ್ತಿತ್ತು. ಹೊಸ ಕಾಗದ ನಾಗರಾಜಪ್ಪನವರ ಡ್ರಾಯರಿನಲ್ಲಿತ್ತು, ಅವರ ಸಹಿಯೊಂದು ಬಾಕಿ.

ಅಧಿಕಾರಿ ಫೋಟೊವನ್ನು ಮೇಜಿನ ಮೇಲಿಟ್ಟು, ತೆಗೆದವರು ನೀವೇ ಏನಮ್ಮ ಎಂದರು. ಹೌದೆಂದೆ. ಇದು ಯಾರ ಮನೆಯ ಅಡುಗೆಮನೆ ಎಂದರು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಕರಿಯಮ್ಮ ಆಗ ತಲೆ ಎತ್ತಿದಳು. ನಾನು ನಿಜ ಹೇಳುತ್ತೇನೆ ಎಂದು ಅವಳಿಗೆ ಸ್ವಲ್ಪವೂ ಅನುಮಾನವಿರಲಿಲ್ಲ. ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಆ ಲೋಟವನ್ನು ಇಬ್ಬರೂ ನೋಡಿದ್ದೆವಲ್ಲ.

"ಕರಿಯಮ್ಮಂದೇ ಸರ್" ಎಂದೆ.

ಅಧಿಕಾರಿ ಬರೆದುಕೊಂಡರು. ಸರ್ಕಾರದ ಸವಲತ್ತು ತಗೊಂಡು ಮತ್ತೆ ಸುಳ್ಳು ದೂರು ಕೊಡುತ್ತೀಯಾ, ಇದಕ್ಕೆ ಕೇಸು ಹಾಕಬಹುದು ಗೊತ್ತಾ ಎಂದು ಅವಳನ್ನು ಗದರಿದರು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಎರಡು ಹೆಜ್ಜೆ ಮುಂದೆ ಬಂದಳು.

"ಅದು ನನ್ ಮನೆನೇ ಆದ್ರೆ ಆತು ಸ್ವಾಮಿ. ಇವತ್ತು ಹೋಗಿ ಅಲ್ಲೇ ಮುದ್ದೆ ತಿರುವ್ತೀನಿ. ಬ್ಯಾಡ ಅನ್ಬ್ಯಾಡ್ರಿ ಅಂತ ಇವರಿಗೆ ಒಂದ್ ಮಾತು ಹೇಳ್ರಿ."

ಮೊದಲು ಶಿವಮೂರ್ತೆಪ್ಪ ನಕ್ಕರು. ಆಮೇಲೆ ನಾಗರಾಜಪ್ಪ. ಅಧಿಕಾರಿಯೂ ಮುಖ ಸಡಿಲಿಸಿ, ಮಾತಿನಲ್ಲಿ ಗಟ್ಟಿ ಇದ್ದಾಳೆ ಎಂದರು. ನಾನು ನಗಲಿಲ್ಲ ಎಂದು ಹೇಳಿಕೊಂಡರೆ ಅದರಿಂದ ಅವಳಿಗೆ ಆದದ್ದೇನೂ ಇಲ್ಲ. ಗೋಬರ್ ಗ್ಯಾಸ್ ಸ್ಥಾವರ ನನ್ನದೇ, ಚೆನ್ನಾಗಿ ನಡೆಯುತ್ತಿದೆ, ದೂರು ಹಿಂತೆಗೆದುಕೊಂಡಿದ್ದೇನೆ ಎಂದು ಬರೆದ ಕಾಗದಕ್ಕೆ ಅವಳ ಬೆರಳೊತ್ತಿಸಿಕೊಂಡರು. ಮಸಿಯ ಡಬ್ಬಿ ತೆರೆದು ಹಿಡಿದವಳು ನಾನು.

ನನ್ನ ಗುತ್ತಿಗೆ ಎರಡು ವರ್ಷಕ್ಕೆ ಮುಂದುವರಿಯಿತು. ಆ ಎರಡು ವರ್ಷದ ಸಂಬಳದಲ್ಲಿ ನನ್ನ ಮದುವೆಯಾಯಿತು, ಅಬ್ಬನ ಕಣ್ಣಿನ ಪೊರೆ ತೆಗೆಸಿದೆವು. ಶಾಲೆಯ ಮೇಷ್ಟ್ರನ್ನು ಆ ಊರಿನಿಂದ ವರ್ಗ ಮಾಡಿದರು. ನಮ್ಮ ಕಾಲಂ ತುಂಬಿದ್ದಕ್ಕೆ ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು.

ಒಂದು ವರ್ಷದ ಮೇಲೆ ಹೋಗಿ, ಸ್ಥಾವರ ಇನ್ನೂ ನಡೆಯುತ್ತಿದೆಯೇ ಎಂದು ನೋಡಿ ಬರೆಯುವ ನಿಯಮವಿತ್ತು. ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡೆ, ಬೇರೆ ಯಾರೂ ಇರಲಿಲ್ಲ. ಬೆಳಗ್ಗೆ ಬೇಗ ಹೋದೆ. ಕರಿಯಮ್ಮ ಹಿತ್ತಿಲಲ್ಲಿ ಗುಮ್ಮಟದ ಬಾಯಿಯ ಹತ್ತಿರ ಕುಕ್ಕುರುಗಾಲಲ್ಲಿ ಕುಂತು, ಮೊಣಕೈವರೆಗೆ ಕೈ ಮುಳುಗಿಸಿ ಸಗಣಿ ಕಲಸುತ್ತಿದ್ದಳು. ಕಣ್ಣಿನ ಅಂಚು ಇನ್ನೂ ಕೆಂಪಾಗಿತ್ತು, ಒಂದು ಕಣ್ಣಿಗೆ ಬಿಳಿ ಕಟ್ಟಿತ್ತು. ನನ್ನನ್ನು ನೋಡಿ ಏಳಲಿಲ್ಲ, ಕಲಸುವುದನ್ನೂ ನಿಲ್ಲಿಸಲಿಲ್ಲ.

ನಾನು ಫಾರಂ ತೆಗೆದು, ಓದಿ ಹೇಳಲು ಶುರು ಮಾಡಿದೆ. ದಿನಕ್ಕೆ ಎಷ್ಟು ಹೊತ್ತು ಒಲೆ ಉರಿಯುತ್ತದೆ, ಸೌದೆ ಎಷ್ಟು ಉಳಿದಿದೆ, ಹೊಗೆ ಕಡಿಮೆಯಾಗಿದೆಯೇ, ಮನೆಯವರ ಆರೋಗ್ಯ ಸುಧಾರಿಸಿದೆಯೇ ಎಂದೆಲ್ಲ ಅದರಲ್ಲಿತ್ತು. ಮೂರನೆಯದಕ್ಕೆ ಬಂದು ಓದುವುದನ್ನು ನಿಲ್ಲಿಸಿದೆ.

ಅವಳು ಕೈ ಮೇಲೆತ್ತಿ, ತೊಟ್ಟಿಯ ನೀರಿನಲ್ಲಿ ಹೆಬ್ಬೆಟ್ಟೊಂದನ್ನು ಮಾತ್ರ ತೊಳೆದುಕೊಂಡು ಮುಂದೆ ಚಾಚಿದಳು.

"ಚೆನ್ನಾಗಿ ಉರಿತೈತೆ ಅಂತ ಬರ್ಕಳ್ರಿ. ಹೊಗೆ ಇಲ್ಲ ಅಂತಾನೂ ಬರ್ಕಳ್ರಿ."

ಹಾಗೆಯೇ ಬರೆದುಕೊಂಡೆ.